ಹಕೀಮರ ಬರಣಿಯೊಳಗಿನ ಏಡಿ

ರಾಯಚೂರಿನ್ಯಾಗ ಕಲ್ಲಿಗೇನು ಬರ ಇದ್ದಿಲ್ಲ. ಕಣ್ಣು ಹಾಯಿಸಿದ ಕಡಿ ಎಲ್ಲಾ ಗುಡ್ಡ, ಗುಂಡು, ಬಂಡಿಗಲ್ಲು. ಆದ್ರ ನನಗ ಬೇಕಾದ ಕಲ್ಲು ಅದರಾಗ ಒಂದೂ ಇದ್ದಿಲ್ಲ. ನಾನು ಹೈದರಾಬಾದಿನ ಕಾಲೇಜಿನ್ಯಾಗ ಪ್ರಾಣಿಶಾಸ್ತ್ರ ಓದಿ, ಅದರಾಗೂ ಕಲ್ಲಾಗಿಹೋದ ಏಡಿ, ಸೀಗಡಿ ಇಂಥಾವನ್ನ ಗುರ್ತು ಹಿಡದು ಜಾತಿವಾರು ಬ್ಯಾರೆ ಮಾಡೋ ಹುಚ್ಚು ಹಚ್ಚಿಕೊಂಡು ಬಂದಾಂವ. ನಮ್ಮ ಗುಡ್ಡದ ಕಲ್ಲು ಹುಟ್ಟಿದಾಗ ಭೂಮಿ ಮ್ಯಾಲ ಏಡಿ ಅನ್ನೂದ ಇದ್ದಿಲ್ಲ. ಅದರಾಗ ಏಡಿ ಹುಡುಕೋದಂದ್ರ ಲಗ್ನಾನ ಆಗದ ಮನ್ಯಾಗ ಮೊಮ್ಮಕ್ಕಳನ್ನ ಹುಡುಕಿದಂಗ. ಎರಡು ವರ್ಷ ನಾ ಅದನ್ನೂ ಮಾಡಿದೆ, ಬಿಸಲಾಗ ಸುತ್ತಿ ತಲಿನೋವು ತಂದುಕೊಂಡೆ ಅಷ್ಟ.

ನಲವತ್ತರ ದಶಕ, ದೊಡ್ಡ ಲಡಾಯಿ ನಡದಿದ್ದ ಕಾಲ. ರಾಯಚೂರಿನ ಒಂದು ಹೈಸ್ಕೂಲಿನ್ಯಾಗ ಮಾಸ್ತರಿಕಿ ಸಿಕ್ಕಿತ್ತು. ನಿಜಾಮರ ರಾಜ್ಯ, ಪಾಠ ಎಲ್ಲಾ ಉರ್ದುದಾಗ, ಸೂಟಿ ಶುಕ್ರವಾರ. ಕಿಲ್ಲೇದ ಸನೇಕ ಒಂದು ಬಾಡಿಗಿ ಖೋಲಿ ಹಿಡದಿದ್ದೆ. ಊರು ಮಾನ್ವಿ. ಅಲ್ಲಿ ಅವ್ವ ಒಬ್ಬಾಕಿನ ಇರ್ತಿದ್ಲು. ಅಪ್ಪ ನಾ ಕಾಲೇಜಿನ್ಯಾಗ ಇದ್ದಾಗನ ಲಿಂಗೈಕ್ಯ ಆಗಿದ್ದ. ನನಗಿಂತ ನಾಕು ವರ್ಷ ಸಣ್ಣಾಕಿ ತಂಗೀನ ದೇವದುರ್ಗಕ್ಕ ಕೊಟ್ಟಿತ್ತು. ಮನ್ಯಾಗ ನನ್ನ ವಿದ್ಯಾಕ್ಕ ಇದ್ದ ಮರ್ಯಾದಿ ಅಷ್ಟಕ್ಕಷ್ಟ. ಯಾರರ ಕೇಳಿದ್ರ ಅವ್ವ, 'ನಮ್ಮಾಂವ ಕಲ್ಲು ಆರಸ್ತಾನ' ಅಂತಿದ್ಲು, ಅಕ್ಕಿಯೊಳಗಿನ ಕಲ್ಲು ಆರಿಸೋ ಹೆಣ್ಮಕ್ಕಳ ಬಗ್ಗೆ ಹೇಳಿದ ದನಿಯಾಗ. ನನಗ ಸಿಟ್ಟು ಮೂಗಿನ ತುದಿ ಮ್ಯಾಲ. ತಂಗಿ ಬಾಯಿಗೆ ಸೆರಗು ಅಡ್ಡ ಇಟ್ಟುಕೊಂಡು ನಗ್ತಿದ್ಲು.

ಕಡೀಕೆ ನನಗ ಏಡಿ ಸಿಕ್ಕಿದ್ದು ಗುಡ್ಡದಾಗ ಅಲ್ಲ, ಬಜಾರದಾಗ. ತೀನ್ ಕಂದೀಲ್ ಚೌಕದ ಕಡಿಂದ ಬರೂ ಓಣ್ಯಾಗ ವಯಸ್ಸಾದ ಹಕೀಮರೊಬ್ಬರ ಔಷಧದ ಅಂಗಡಿ ಇತ್ತು. ಒಂದಿನ ಕೆಮ್ಮಿಗೆ ಏನರ ಕೇಳಾಕ ಹೋದೆ. ಮ್ಯಾಲಿನ ಹಲಗಿ ಮ್ಯಾಲ ಗಾಜಿನ ಬರಣಿ. ಅದರಾಗ ಬೂದು ಬಣ್ಣದ ಕಲ್ಲು. ಕಲ್ಲಿನ ಮ್ಯಾಲ ಕಾಲು. ನಾ ನಿಂತಲ್ಲೇ ನಿಂತೆ. ಸಮುದ್ರದ ದಂಡಿಯಿಂದ ಯಾವ್ಯಾವೋ ವ್ಯಾಪಾರಿಗಳ ಕೈ ದಾಟಿ, ಹೈದರಾಬಾದಿನ ಹಾದಿ ಹಿಡದು ಬಂದ ಕಲ್ಲಾದ ಏಡಿಗಳು. ಕೆಳಗಿಳಿಸ್ರಿ ಅಂದ್ರ ಹಕೀಮರು, "ಮಾಸ್ತರ್ ಸಾಬ್, ಇದು ದವಾ ಅದ, ಆಟದ ಸಾಮಾನಲ್ಲ" ಅಂದ್ರು.

ಅವರ ಶಾಸ್ತ್ರದಾಗ ಎದಿ ರೋಗಕ್ಕ, ರಕ್ತ ಬೀಳೋ ಕೆಮ್ಮಿಗೆ ಏಡಿ ಔಷಧ. ಹೊಳಿ ಏಡಿ ಸುಟ್ಟು ಭಸ್ಮ ಮಾಡಿ ಕೊಡೂದು ಒಂದು ಪದ್ಧತಿ. ಆದ್ರ ಅವರ ಕಡಿ ಬರೂ ಮಂದ್ಯಾಗ ಅರ್ಧ ಲಿಂಗವಂತರು, ಆಚಾರ್ರು, ಶೆಟ್ರು. ಅವರು ಸುಟ್ಟ ಏಡಿ ಮುಟ್ಟತಾರೇನು? ಅಂಥವರ ಸಲುವಾಗಿ ಕಲ್ಲಾದ ಏಡಿ. ಅದನ್ನ ಗುಲಾಬಿ ನೀರಿನ್ಯಾಗ ತಿಕ್ಕಿ ತಿಕ್ಕಿ, ಒಣಗಿಸಿ, ಪುಡಿ ಕಟ್ಟಿ ಕೊಡ್ತಿದ್ರು. ತೊಂದರಿ ಏನಂದ್ರ, ವ್ಯಾಪಾರಿಗಳು ಮಣ್ಣಿನ್ಯಾಗ ಏಡಿ ಆಕಾರ ಮಾಡಿ ಸುಟ್ಟು ಖರೆ ಕಲ್ಲಿನ ಜೋಡಿ ಬೆರಸಿ ಕಳಸ್ತಿದ್ರು. ಹಕೀಮರ ಕಣ್ಣು ಮಂಜಾಗಿತ್ತು. ಖರೇದು ಯಾವುದು, ಸುಳ್ಳು ಯಾವುದು ಅಂತ ನಾ ಆರಿಸಿ ಕೊಡಬೇಕು, ಅವರು ನನಗ ಬರಣಿ ನೋಡಾಕ ಬಿಡಬೇಕು. ಹಿಂಗ ನಮ್ಮಿಬ್ಬರ ನಡುವ ಒಪ್ಪಂದ ಆತು.

ಅಲ್ಲಿಂದ ಮುಂದ ಶುಕ್ರವಾರ ಬಂತಂದ್ರ ನಾ ಆ ಅಂಗಡಿ ಹಿಂದಿನ ಕಟ್ಟಿ ಮ್ಯಾಲ. ಮೊದಲ ನಾಲಿಗಿ ತುದಿಗೆ ಹಚ್ಚಿ ನೋಡೂದು. ಸುಟ್ಟ ಮಣ್ಣಾದ್ರ ನಾಲಿಗಿಗೆ ಅಂಟತದ, ಖರೆ ಕಲ್ಲು ಅಂಟೂದಿಲ್ಲ. ಆಮ್ಯಾಲ ಸೂಜಿಲೆ ಸಂದಿಯೊಳಗಿನ ಮಣ್ಣು ಕೆದರಿ, ಸಣ್ಣ ಬ್ರಶ್‌ಲೆ ಝಾಡಿಸಿ, ಭೂತಗನ್ನಡಿ ಹಿಡದು ಕಾಲು ಎಣಿಸೂದು. ಮುಂದಿನ ಅಂಚಿನ್ಯಾಗ ಕಣ್ಣು ಕೂಡೋ ಗುಳಿ ಎಷ್ಟು ಉದ್ದ, ಬೆನ್ನಿನ ಚಿಪ್ಪು ಎಷ್ಟು ಅಗಲ, ಕೊಂಡಿ ಎರಡೂ ಸಮ ಅದಾವೋ ಒಂದು ದೊಡ್ಡದೋ. ತಿರುವಿ ಹಾಕಿದ್ರ ಹೊಟ್ಟಿ ಕೆಳಗ ಮಡಚಿದ ಪದರು. ಅದು ಸಪೂರಿದ್ರ ಗಂಡು, ಅಗಲಿದ್ರ ಹೆಣ್ಣು. ಹೆಣ್ಣೇಡಿ ತನ್ನ ತತ್ತಿ ಆ ಪದರಿನ ಕೆಳಗ ಅವಚಿಕೊಂಡು ಇರ್ತದ. ಒಂದೊಂದಕ್ಕೂ ಮಸಿಲೆ ನಂಬರು ಹಾಕಿ ವಹಿಯಾಗ ಬರೀತಿದ್ದೆ. ಅದನ್ನೆಲ್ಲಾ ಕಲ್ತದ್ದು ಉರ್ದುದಾಗ, ಬರದದ್ದು ಇಂಗ್ಲಿಷಿನ್ಯಾಗ, ಹೇಳಿಕೊಳ್ಳಾಕ ಮಾತ್ರ ಯಾವ ಭಾಷಾದಾಗೂ ಒಂದು ನರಪಿಳ್ಳೆ ಇದ್ದಿಲ್ಲ. ಶಾಲ್ಯಾಗಿನ ಜೋಡಿ ಮಾಸ್ತರರು ನನ್ನ ಕಂಡ್ರ ದಾರಿ ಬದಲಿ ಮಾಡ್ತಿದ್ರು, ಮತ್ತ ಏಡಿ ಪುರಾಣ ಶುರು ಮಾಡ್ತಾನ ಅಂತ. ಖರೆ ಹೇಳ್ತೀನಿ, ಆ ದಿನಗಳಾಗ ನಾ ಭಾಳ ಸುಖಿ ಇದ್ದೆ.

ಒಂದು ಚಳಿಗಾಲದಾಗ ದೇವದುರ್ಗದಿಂದ ತಂಗೀನ ಗಾಡ್ಯಾಗ ಮಲಗಿಸಿಕೊಂಡು ಬಂದು ಮಾನ್ವ್ಯಾಗ ಇಳಿಸಿ ಹೋದ್ರು. ತವರಮನ್ಯಾಗ ಹವಾ ಬದಲಾದ್ರ ಆರಾಮ ಆಗ್ತಾಳ ಅಂದ್ರಂತ. ಹವಾ ಅಂತ ಹವಾ. ದೇವದುರ್ಗದ ಹವಾಕ್ಕೂ ಮಾನ್ವಿ ಹವಾಕ್ಕೂ ಏನು ಫರಕು ಅದ, ಎರಡೂ ಕಡಿ ಅದೇ ಬಿಸಲು, ಅದೇ ಧೂಳು. ನಾ ಸುದ್ದಿ ಕೇಳಿ ಹೋಗಿ ನೋಡಿದ್ರ, ನಗೋ ಮಾರಿ ಹಂಗ ಇತ್ತು, ಅದರ ಕೆಳಗಿನ ಮೈ ಹೋಗಿಬಿಟ್ಟಿತ್ತು. ರಾಯಚೂರಿಗೆ ಕರಕೊಂಡು ಬಂದು ದವಾಖಾನಿ ಡಾಕ್ಟರಿಗೆ ತೋರಿಸಿದೆ. ಅವರು ಎದಿಗೆ ನಳಿಗಿ ಹಚ್ಚಿ ಭಾಳ ಹೊತ್ತು ಕೇಳಿ, ನನ್ನ ಹೊರಗ ಕರದು, ಕ್ಷಯ ಅದ ಅಂದ್ರು. ಹಾಲು, ತತ್ತಿ, ವಿಶ್ರಾಂತಿ. "ಔಷಧ?" ಅಂದೆ. "ಇದಕ್ಕ ಖರೆ ಔಷಧ ಇನ್ನೂ ಬಂದಿಲ್ಲ ಮಾಸ್ತರೇ" ಅಂದ್ರು. ಪಾಪ, ಅವರರ ಏನು ಮಾಡ್ಯಾರು.

ತಿರುಗಿ ಮಾನ್ವಿಗೆ ಒಯ್ದು ಹಾಲು ಕೊಟ್ವಿ. ತತ್ತಿ ಹೆಸರು ಸೈತ ನಮ್ಮ ಮನ್ಯಾಗ ತೆಗಿಯೂ ಹಂಗಿಲ್ಲ. ವಿಶ್ರಾಂತಿ ಅಂತೂ ರೋಗಾನ ಕೊಡ್ತಿತ್ತು. ಪಡಸಾಲ್ಯಾಗ ಹೊರಸು ಹಾಕಿ ಮಲಗಿಸಿದ್ವಿ. ಕೆಮ್ಮು ಬಂದಾಗ ಅವ್ವ ಬೆನ್ನು ತಿಕ್ಕತಿದ್ಲು, ನಾ ಕಂಬಕ್ಕ ಆತು ನಿಂತಿರ್ತಿದ್ದೆ. ಇಷ್ಟು ಓದಿದ ಮನುಷ್ಯಾ, ಒಂದು ಬಟ್ಟಲು ನೀರು ಹಿಡಿಯೋದು ಬಿಟ್ಟು ಬ್ಯಾರೆ ಏನೂ ಗೊತ್ತಿದ್ದಿಲ್ಲ ನನಗ.

ಆಗ ಅವ್ವಗ ಯಾರೋ ಹೇಳಿದ್ರು, ಬಾಗಲವಾಡದ ಒಬ್ಬ ಗೌಡನ ಸೊಸಿಗೆ ಇದೇ ರೋಗ ಇತ್ತು, ರಾಯಚೂರಿನ ಹಕೀಮರ ಔಷಧಲೆ ಎದ್ದು ಓಡ್ಯಾಡಾಕತ್ಯಾಳ ಅಂತ. "ನೀ ವಾರಾ ವಾರಾ ಆ ಹಕೀಮರ ಅಂಗಡಿ ಕಟ್ಟಿ ಸವಸ್ತಿಯಲ್ಲ, ಅಷ್ಟರ ಉಪಯೋಗ ಆಗು" ಅಂದ್ಲು ಅವ್ವ. ಕಲ್ಲಿನ ಪುಡಿಯಿಂದ ಕ್ಷಯ ಹೋಗೂದಿಲ್ಲ ಅಂತ ನನ್ನ ಓದು ಹೇಳ್ತಿತ್ತು. ಹಂಗಾದ್ರ ಯಾವುದರಿಂದ ಹೋಗ್ತದ ಅಂದ್ರ ಆ ಓದಿಗೂ ಬಾಯಿ ಇದ್ದಿಲ್ಲ. ನಾ ಹೋಗಿ ಹಕೀಮರಿಗೆ ಹೇಳಿದೆ. ಅವರು ಬರಣಿ ಇಡೀದು ನನ್ನ ಮುಂದ ಸುರುವಿ, "ನೀವ ಆರಸ್ರಿ ಮಾಸ್ತರ್ ಸಾಬ್, ನಿಮಗಿಂತ ಚಲೋ ಯಾರಿಗೆ ಗೊತ್ತು" ಅಂದ್ರು. ಇದ್ದುದರಾಗ ಒಳ್ಳೇವು, ಒಂದು ಕಾಲೂ ಮುರೀಲಾರದಂಥಾವು, ಎರಡು ಹೆಣ್ಣೇಡಿ ಆರಿಸಿ ಕೊಟ್ಟೆ. ಒಂದನ್ನ ತಿಕ್ಕಿ ಪುಡಿ ಕಟ್ಟಿದ್ರು. ಇನ್ನೊಂದನ್ನ ಹಂಗ ಇಡೀದು ಪುಡಿ ಜೋಡಿ ಕೊಟ್ರು. ಅದು ಅವರ ಪದ್ಧತಿ. ತಾವು ಕೊಟ್ಟದ್ದು ಏನು ಅಂತ ಮನಿ ಮಂದಿ ಕಣ್ಣಾರೆ ನೋಡಿ ಖಾತ್ರಿ ಮಾಡಿಕೊಳ್ಳಲಿ ಅಂತ.

ನಮ್ಮ ಮನ್ಯಾಗ ನೀರು ಸೈತ ಲಿಂಗಕ್ಕ ತೋರಿಸದ ಕುಡಿಯೂ ರೂಢಿ ಇಲ್ಲ. ಕೊಳ್ಳಾಗಿನ ಲಿಂಗ ಅಂಗೈಯಾಗ ಹಿಡದು, ತಿನ್ನೂದು ಕುಡಿಯೂದು ಏನದ ಅದನ್ನ ಮೊದಲ ಅದಕ್ಕ ಅರ್ಪಿಸಿ, ಆಮ್ಯಾಲ ಬಾಯಿಗೆ. ಹುಟ್ಟಿದಾಗ ಕಟ್ಟಿದ ಆ ಲಿಂಗ ಸಾಯೂತನ ಮೈ ಬಿಟ್ಟು ದೂರ ಆಗಬಾರದು. ನಾ ಹೊರಗ ಇದ್ದು ಇವನ್ನೆಲ್ಲಾ ಸಡ್ಲ ಬಿಟ್ಟಿದ್ದೆ, ತಂಗಿ ಮಾತ್ರ ಕೂದಲೆಳಿ ತಪ್ಪತಿದ್ದಿಲ್ಲ. ಔಷಧಕ್ಕೂ ಅದೇ ನೇಮ. ಹಿಂಗಾಗಿ ಅವ್ವ ಪುಡಿಕಿ ಬಿಚ್ಚಿ, ಆ ಇಡೀ ಕಲ್ಲು ಕೈಯಾಗ ಹಿಡದು, ಬಾಗಲ ಬೆಳಕಿಗೆ ತಿರುವ್ಯಾಡಿ ನೋಡಿ ಕೇಳಿದ್ಲು. "ಏನಪಾ ಇದು? ಕಲ್ಲೋ, ಜೀವೋ? ನೀ ಓದಿದಾಂವ. ನೀ ಹೇಳಿದಂಗ ಈಕಿ ಅರ್ಪಿಸ್ತಾಳ."

ಎಷ್ಟು ಸರಳ ಪ್ರಶ್ನಿ ನೋಡ್ರಿ. ಕಲ್ಲು ಅಂದ್ರ ಮುಗೀತು. ಒಂದು ಶಬ್ದ. ಆದ್ರ ಇಷ್ಟು ವರ್ಷದಾಗ ನಮ್ಮ ಮನ್ಯಾಗ ಯಾರೂ, ಒಬ್ಬರೂ, ನನ್ನ ಕಲ್ಲು ಏನು ಅಂತ ಕೇಳಿದ್ದಿಲ್ಲ. ಅವ್ವ ಕೇಳಿದ್ಲು, ತಂಗಿ ದಿಂಬಿಗೆ ಒರಗಿ ಕುಂತು ಕಣ್ಣು ಅರಳಿಸಿ ನೋಡಾಕತ್ತಿದ್ಲು. ನನಗ ಉಬ್ಬು ಬಂತು. ಕಲ್ಲನ್ನ ಕೈಗೆ ತಗೊಂಡು ಶುರು ಹಚ್ಚಿಕೊಂಡೆ. ಇದು ಸಮುದ್ರದಾಗ ಇತ್ತು, ಕೆಸರಿನ್ಯಾಗ ಬಿಲ ತೋಡಿ ಇರ್ತಿತ್ತು, ಇವು ಹತ್ತು ಕಾಲು ಎಣಿಸ್ರಿ, ಮುಂದಿನವು ಎರಡು ಕೊಂಡಿ, ಈ ಉದ್ದ ಗುಳಿಯಾಗ ಕಣ್ಣು ಮಡಚಿ ಇಟ್ಟುಕೊಳ್ತಿತ್ತು. ತಿರುವಿ ಹೊಟ್ಟಿ ತೋರಿಸಿದೆ. ಪದರು ಅಗಲ ಅದ, ಅಂದ್ರ ಹೆಣ್ಣು, ಇದರ ಕೆಳಗ ತತ್ತಿ ಅವಚಿಕೊಂಡು ಕಾಯತಿತ್ತು. ಶಾಲ್ಯಾಗ ಸೈತ ನಾ ಅಷ್ಟು ಚಂದ ಪಾಠ ಹೇಳಿದ್ದಿಲ್ಲ. ತಂಗಿ ಕೈ ಚಾಚಿ ಕಲ್ಲು ಇಸಕೊಂಡು ಆ ಪದರಿನ ಮ್ಯಾಲ ಬೆರಳು ಆಡಿಸಿದ್ಲು.

"ಪಾಪ, ತತ್ತಿ ಅವಚಿಕೊಂಡನ ಕಲ್ಲಾದ್ಲೇನಣ್ಣಾ ಈಕಿ?" ಅಂದ್ಲು.

"ಇರಬಹುದು" ಅಂದೆ ನಾನು, ಮೂರ್ಖ.

ಆಕಿ ಕಲ್ಲನ್ನ ಪುಡಿಕಿ ಮ್ಯಾಲ ಇಟ್ಟು ಎರಡನ್ನೂ ಮೆಲ್ಲಕ ಅವ್ವನ ಕಡಿ ಸರಿಸಿದ್ಲು. "ಇದನ್ನ ಹ್ಯಾಂಗ ಲಿಂಗಕ್ಕ ತೋರಿಸಲಿ ಯವ್ವಾ, ಬ್ಯಾಡ ಬಿಡು" ಅಂದ್ಲು. ದನಿಯಾಗ ಸಿಟ್ಟಿಲ್ಲ, ಏನಿಲ್ಲ. ಆಗ ನನಗ ನಾ ಏನು ಮಾಡಿದೆ ಅನ್ನೂದು ತಿಳೀತು. ಅವ್ವ ಅಡಿಗಿ ಮನ್ಯಾಗ ಕರದು, ದನಿ ಸಣ್ಣ ಮಾಡಿ, "ಕಲ್ಲು ಅಂದಿದ್ರ ನಿನ್ನ ಗಂಟೇನು ಹೋಗ್ತಿತ್ತು?" ಅಂದ್ಲು. 

ಅಲ್ಲಿಂದ ಮುಂದಿನ ದಿನಗಳು ನನ್ನನ್ನ ತಿಂದು ಹಾಕಿದ್ವು. ರಾಯಚೂರಿಗೆ ಬಂದು ಹಕೀಮರಿಗೆ ಬ್ಯಾರೆ ಏನರ ಔಷಧ ಕೊಡ್ರಿ ಅಂದೆ. "ಇದಕ್ಕ ಬ್ಯಾರೆ ಅಂದ್ರ ಸುಟ್ಟ ಏಡಿ. ಅದನ್ನ ನಿಮ್ಮವರು ತಗೋತಾರ?" ಅಂದ್ರು. ಮಲ್ಲಟದ ಕಡಿ ಒಂದು ಮಠದಾಗ ವಯಸ್ಸಾದ ಅಯ್ಯನವರು ಇದ್ರು, ತಂಗಿ ಅವರ ಮಾತು ಮೀರತಿದ್ದಿಲ್ಲ. ಅಲ್ಲಿಗೂ ಹೋಗಿ ಕಾಲು ಮುಟ್ಟಿ ಕೇಳಿದೆ, ಒಂದು ಮಾತು ಅಪ್ಪಣಿ ಕೊಡ್ರಿ ಅಂತ. ಅವರು ಕಣ್ಣು ಮುಚ್ಚಿ ವಿಚಾರ ಮಾಡಿ, "ಕಲ್ಲಾದ್ರ ಅರ್ಪಿಸಬಹುದು, ಜೀವ ಆದ್ರ ಆಗೂದಿಲ್ಲ. ಯಾವುದು ಅನ್ನೂದು ಓದಿದಾಂವ ನೀನ ಹೇಳಬೇಕಪಾ" ಅಂದ್ರು. ಯಾರ ಬಾಗಲಿಗೆ ಹೋದ್ರೂ ತಿರುಗಿ ನನ್ನ ಬಾಗಲಿಗೇ ತಂದು ನಿಲ್ಲಸ್ತಿದ್ರು. ಅಷ್ಟರಾಗ ಊರಿಂದ ಸುದ್ದಿ ಬಂತು, ಕೆಮ್ಮಿನ್ಯಾಗ ರಕ್ತ ಹೆಚ್ಚಾಗೇದ ಅಂತ. ಸಂದೂಕಿನ ಮ್ಯಾಲಿದ್ದ ನನ್ನ ವಹಿ ಕಣ್ಣಿಗೆ ಬಿತ್ತು, ಅದನ್ನ ತಗದು ಗ್ವಾಡಿಗೆ ಒಗದೆ. ಗ್ವಾಡಿ ಏನು ಮಾಡಿತ್ತು ಪಾಪ.

ಕೂತು ವಿಚಾರ ಮಾಡಿದೆ. ನಾ ಹೇಳಿದ್ದು ಖರೇನ. ಆದ್ರ ಕಲ್ಲು ಅನ್ನೂದೂ ಖರೇನ. ಏಡಿ ಸತ್ತ ಮ್ಯಾಲ ಅದರ ಮಾಂಸ ಎಂದೋ ಕರಗಿ ಹೋತು, ಚಿಪ್ಪಿನ ಕಣ ಕಣಾನೂ ಬದಲಾಗಿ ಮಣ್ಣು ಸುಣ್ಣ ತುಂಬಿಕೊಂಡ್ವು, ಉಳದದ್ದು ಬರೇ ಅಚ್ಚು. ಇದನ್ನ ಹೇಳಬೇಕು. ಆದ್ರ ಮೊದಲ ಇದನ್ನ ಹೇಳಿದ್ದಿದ್ರ ಅದು ಶಾಸ್ತ್ರ ಆಗ್ತಿತ್ತು, ಈಗ ಹೇಳಿದ್ರ ಸಬೂಬು. ಆದ್ರೂ ಶುಕ್ರವಾರ ಮುಂಜಾನಿ ಮೋಟಾರು ಹಿಡದು ಮಾನ್ವಿಗೆ ಹೋದೆ. ಹಾದಿ ತುಂಬ ತುಟಿಯೊಳಗ ಅದನ್ನೇ ಒಪ್ಪಿಸಿಕೊಂತ ಹೋದೆ, ಪರೀಕ್ಷಾಕ್ಕ ಹೊಂಟಾಂವನಂಗ.

ತಂಗಿ ಹೊರಸಿನ ಮ್ಯಾಲ ಮಲಗೇ ಕೇಳಿದ್ಲು. ನಾ ಎಲ್ಲಾ ಹೇಳಿದೆ. ಆವತ್ತು ತಪ್ಪು ಹೇಳಿದ್ದೆ, ಮತ್ತ ಪುಸ್ತಕ ನೋಡಿದೆ, ಇದು ಬರೇ ಕಲ್ಲು, ನಮ್ಮ ಬೀಸುಕಲ್ಲಿನಂಗ ಕಲ್ಲು ಅಂದೆ. ಮಾತಾಡೂವಾಗ ನಾ ಆಕಿ ಮಾರಿ ನೋಡದ ಹೊರಸಿನ ಹಗ್ಗ ನೋಡ್ತಿದ್ದೆ.

"ಹಂಗಾದ್ರ ಆಕಾರ ಯಾರದಣ್ಣಾ?" ಅಂದ್ಲು.

"ಆಕಾರ ಯಾರದರ ಇರಲಿ, ಅದಕ್ಕ ಜೀವ ಎಲ್ಲಿರ್ತದ?"

"ಆವತ್ತು ಹೇಳೂವಾಗ ನಿನ್ನ ಮಾರಿ ಏನು ಖುಷಿ ಇತ್ತು. ಇವತ್ತು ಇಲ್ಲ."

"ಬಸ್ಸಿನ್ಯಾಗ ತ್ರಾಸಾತು, ಅದಕ್ಕ."

ಆಕಿ ನನ್ನ ಸ್ವಲ್ಪ ಹೊತ್ತು ನೋಡಿದ್ಲು. ಆಮ್ಯಾಲ, "ಆತು, ಕೊಡಸು. ಕುಡೀತೀನಿ" ಅಂದ್ಲು. ನನ್ನ ಎದಿ ಮ್ಯಾಲಿನ ಬಂಡಿಗಲ್ಲು ಇಳಿದಂಗಾತು. ಆವತ್ತು ಅವ್ವ ಮಾಡಿದ ಜ್ವಾಳದ ರೊಟ್ಟಿ ನಾಕು ತಿಂದೆ, ಭಾಳ ದಿನದ ಮ್ಯಾಲ.

ದಿನಾ ಮುಂಜಾನಿ ಒಂದು ಚಿಟಿಕಿ ಪುಡಿ, ಜೇನುತುಪ್ಪದ ನೀರಿನ್ಯಾಗ. ತಪ್ಪದ ತಗೊಳ್ತಾಳ ಅಂತ ಅವ್ವ ಹೇಳಿ ಕಳಸ್ತಿದ್ಲು. ನಡುವ ಒಂದು ಎಂಟು ದಿನ ಚಲೋನೂ ಆದ್ಲು. ಎದ್ದು ಕಟ್ಟಿ ಮ್ಯಾಲ ಕುಂತು ಜಡಿ ಹಾಕಿಸಿಕೊಂಡ್ಲು, ದೇವದುರ್ಗದಿಂದ ಗಂಡ ಬಂದಾಗ ನಕ್ಕು ಮಾತಾಡಿದ್ಲು. ನಾ ಹಕೀಮರಿಗೆ ಇನ್ನೂ ಎರಡು ಒಳ್ಳೆ ಕಲ್ಲು ಆರಿಸಿ ಕೊಟ್ಟೆ, ನಂಬಿಕಿ ಇಲ್ಲದ ಮನುಷ್ಯಾ ಒಳಗೊಳಗ ನಂಬಾಕ ಶುರು ಮಾಡಿದ್ದೆ. ಬ್ಯಾಸಗಿ ಮುಗೀತಾ ಬಂದಂಗ ಮತ್ತ ಬಿದ್ಲು. ಮಿರಗದ ಮಳಿ ಇನ್ನೂ ಬಿದ್ದಿದ್ದಿಲ್ಲ, ಒಂದು ಮಧ್ಯಾಹ್ನ, ಅವ್ವನ ತೊಡಿ ಮ್ಯಾಲ ತಲಿ ಇಟ್ಟು ಹೋಗಿಬಿಟ್ಲು. ನಾ ಆಗ ರಾಯಚೂರಿನ್ಯಾಗ ಮಕ್ಕಳಿಗೆ ಕಪ್ಪಿ ಚಿತ್ರ ಬರದು ತೋರಿಸಾಕತ್ತಿದ್ದೆ.

ಮಣ್ಣು ಮಾಡಿ ಬಂದು ಹತ್ತು ಹನ್ನೆರಡು ದಿನ ಆಗಿತ್ತು. ಬಂದ ಮಂದಿ ಎಲ್ಲಾ ಹೋಗಿ ಮನಿ ಖಾಲಿ ಆಗಿತ್ತು. ಅವ್ವ ಪಡಸಾಲ್ಯಾಗ ಗ್ವಾಡಿಗೆ ಆತು ಕುಂತಿದ್ಲು, ನಾ ಎದುರಿಗೆ. ನನಗ ನನ್ನ ಮ್ಯಾಲನ ಸಿಟ್ಟು. ಆ ಸಿಟ್ಟಿಗೆ ಒಂದಿಷ್ಟು ನೀರು ಹಾಕಿಕೊಳ್ಳಾಕ ಅಂತ ಕಾಣಸ್ತದ, ನಾನ ಬಾಯಿ ತಗದೆ. "ಏನರ ಆಗಲಿ ಯವ್ವಾ, ಕಡೀಕೆ ನನ್ನ ಮಾತು ನಂಬಿದ್ಲು. ಕಲ್ಲು ಅಂತ ತಿಳಕೊಂಡು, ಮನಸ್ಸಿಗೆ ಹಳಹಳಿ ಇಲ್ಲದ ಕುಡದ್ಲು. ಅಷ್ಟರ ಆತು."

ಅವ್ವ ತಲಿ ಎತ್ತಿ ನನ್ನ ನೋಡಿದ್ಲು. ಆಮ್ಯಾಲ ಹೇಳಿದ್ಲು.

"ನಂಬಿದ್ಲು ಅಂತಿ? ನಿನ್ನ ಸುಳ್ಳು ಆಕಿಗೆ ಸಣ್ಣಾಕಿ ಇದ್ದಾಗಿಂದ ಗೊತ್ತು. ಔಷಧ ಕುಡಿಯೂ ಹೊತ್ತಿಗೆ ದಿನಾ ಕೊಳ್ಳಾಗಿನ ಲಿಂಗ ಬಿಚ್ಚಿ ನನ್ನ ಉಡ್ಯಾಗ ಹಾಕತಿದ್ಲು. ಕುಡದು, ಬಾಯಿ ತೊಳಕೊಂಡು, ವಿಭೂತಿ ಹಚ್ಚಿಕೊಂಡು, ಮತ್ತ ಇಸಕೊಂಡು ಕಟ್ಟಿಕೊಳ್ತಿದ್ಲು. ಕಟ್ಟಿಕೊಳ್ಳೂತನ ನನ್ನ ಮಾರಿ ನೋಡ್ತಿದ್ದಿಲ್ಲ. ಯಾಕಬೇ ಹಿಂಗ, ಬ್ಯಾಡಂದ್ರ ಬಿಡು ಅಂದೆ. ಅದಕ್ಕ ಆಕಿ, ನಾ ಕುಡೀಲಿಲ್ಲಂದ್ರ ಅಣ್ಣ ತನ್ನ ಮಾತಿನಿಂದನ ನಾ ಹೋದೆ ಅಂತ ಜೀವ ಇರೂತನ ಹೇಳಿಕೊಂಡು ಅಳತಾನ, ಅದು ಬ್ಯಾಡ ಅಂದ್ಲು."

ಸೆರಗಿಲೆ ಮೂಗು ಒರಸಿಕೊಂಡು ಅವ್ವ ಇನ್ನೊಂದು ಮಾತು ಹೇಳಿದ್ಲು. "ಮೈಮ್ಯಾಲಿನ ಲಿಂಗ ತಗದಾಕಿ ಸತ್ತಂಗ ಲೆಕ್ಕ ಅಂತ ಆಕಿಗೆ ಕಲಿಸಿದಾಕಿ ನಾನ. ಅದನ್ನ ಆಕಿ ನಿನ್ನ ಸಲುವಾಗಿ ದಿನಾ ಮಾಡಿದ್ಲು."